ಹೆಬ್ಬೆಟ್ಟಿನ ವಿದ್ಯೆ

ಹೋದ ಬೇಸಿಗೆಯಲ್ಲಿ ನಮ್ಮ ಕಡೆಯ ಒಂದು ಅಧ್ಯಯನ ಶಿಬಿರಕ್ಕೆ ಗಿಟಾರು ಹೆಗಲಿಗೆ ಹಾಕ್ಕೊಂಡು ಹೋಗಿದ್ದೆ. ಹಾಡು ಮುಗಿದ ಮೇಲೆ ಮೇಷ್ಟರೊಬ್ಬರು ಅದನ್ನು ಕೈಗೆ ತಗೊಂಡು, ಹಿಂದೆ ಮುಂದೆ ತಿರುಗಿಸಿ ನೋಡಿ, "ನೀನೇ ಮಾಡಿದ್ದಾ? ಕೈಯಲ್ಲೇ?" ಅಂದರು. ಹೌದು ಸಾರ್ ಅಂದೆ. "ಎಂಥಾ ಕೈಯಪ್ಪಾ ನಿಂದು!" ಅಂತ ನನ್ನ ಕೈ ಹಿಡಿದು ನೋಡಿದರು. ಸುತ್ತ ನಿಂತಿದ್ದ ಹುಡುಗರೂ ನೋಡಿದರು. ನನಗೆ ಸಂತೋಷವಾಯಿತು. ಸುಳ್ಳು ಯಾಕೆ ಹೇಳಲಿ, ಬಹಳ ಸಂತೋಷವಾಯಿತು.

ರಾತ್ರಿ ಬಸ್ಸಿನಲ್ಲಿ ಬರುವಾಗ ಆ ಸಂತೋಷ ಗಂಟಲಲ್ಲಿ ಸಿಕ್ಕಿಕೊಂಡಿತು. ನಮ್ಮ ತಾತ ಐವತ್ತು ವರ್ಷ ತಮಟೆ ಕಟ್ಟಿದ್ದಾನೆ, ಬಡಿದಿದ್ದಾನೆ. ಊರಿನ ಮದುವೆ, ಸಾವು, ಮಾರಿಹಬ್ಬ ಯಾವುದೂ ಅವನ ತಮಟೆ ಇಲ್ಲದೆ ನಡೆದಿಲ್ಲ. ಆ ಕೈಯನ್ನು ಯಾರೂ ಹಿಡಿದು ನೋಡಲಿಲ್ಲ. ಕಾಸು ಕೊಡುವಾಗಲೂ ಮುಟ್ಟದ ಹಾಗೆ ಮೇಲಿಂದ ಉದುರಿಸಿದರು. ನಾನು ಮಾಡಿರೋದು ಒಂದೇ ಒಂದು ಗಿಟಾರು, ಅದೂ ಒಂದು ಪಕ್ಕ ಸೊಟ್ಟ. ತಾತ ಕಟ್ಟಿದ ತಮಟೆಗಳಿಗೆ ಲೆಕ್ಕವಿಲ್ಲ. ಎರಡೂ ವಾದ್ಯ, ಎರಡೂ ಕೈಗೆಲಸ. ಒಂದೇ ರಕ್ತದ ಎರಡು ಕೈಗಳಲ್ಲಿ ಒಂದಕ್ಕೆ ಮರ್ಯಾದೆ, ಇನ್ನೊಂದಕ್ಕೆ ಹೇಸಿಗೆ ಬಂದದ್ದು ಎಲ್ಲಿಂದ? ಕೈಗೆಲಸದ ಘನತೆ ಕೆಲಸದೊಳಗೇ ಇರುತ್ತದೋ, ಅಥವಾ ಹೊರಗಿನಿಂದ ಯಾರೋ ಕೊಡುವುದೋ?

ಈ ಪ್ರಶ್ನೆಯನ್ನು ಪುಸ್ತಕ ಓದಿ ಬಿಡಿಸಲು ನನಗೆ ಆಗಲಿಲ್ಲ. ಗಿಟಾರು ಮಾಡುತ್ತಾ ಮಾಡುತ್ತಾ ಸ್ವಲ್ಪ ಬಿಡಿಸಿಕೊಂಡಿದ್ದೇನೆ. ಅದನ್ನು ಗೆಳೆಯರ ಮುಂದೆ ಇಡುತ್ತಿದ್ದೇನೆ.

*

ನಮ್ಮ ವಂಶದಲ್ಲಿ ಕಾಲೇಜು ಮೆಟ್ಟಿಲು ಹತ್ತಿದ ಮೊದಲನೆಯವನು ನಾನು. ಬಿ.ಎ. ಮುಗಿದ ಮೇಲೆ ಸಿಕ್ಕಿದ್ದು ಮೈಸೂರಿನ ಹೊರಗೆ ಒಂದು ಮರಗೆಲಸದ ಶೆಡ್ಡಿನಲ್ಲಿ ಬಿಲ್ಲು ಬರೆಯುವ ಕೆಲಸ. ಹಾಸ್ಟೆಲಿನಲ್ಲಿದ್ದಾಗ ಪೇಟೆಯ ಹುಡುಗನೊಬ್ಬನ ಗಿಟಾರು ಮುಟ್ಟಲು ಹೋಗಿ "ಏಯ್, ತಂತಿ ಹಾಳಾಗುತ್ತೆ" ಅನ್ನಿಸಿಕೊಂಡಿದ್ದೆ. ಅವನು ಜಾತಿ ನೋಡಿ ಅಂದನೋ, ಬೆಲೆ ನೋಡಿ ಅಂದನೋ ಇವತ್ತಿಗೂ ಗೊತ್ತಿಲ್ಲ. ಕೇರಿಯಲ್ಲಿ ಹುಟ್ಟಿದವನ ಪಾಡೇ ಇದು. ಅವಮಾನದ ಮೂಲ ಯಾವುದು ಅಂತ ಖಾತ್ರಿಯಿರುವುದಿಲ್ಲ, ಉರಿ ಮಾತ್ರ ಖಾತ್ರಿ. ಕೊಳ್ಳಲು ದುಡ್ಡಿರಲಿಲ್ಲ. ಮಾಡಿಯೇ ಬಿಡೋಣ ಅನ್ನಿಸಿತು. ಹಳೇ ಪುಸ್ತಕದಂಗಡಿಯಲ್ಲಿ ಗಿಟಾರು ಮಾಡುವ ಇಂಗ್ಲಿಷ್ ಪುಸ್ತಕವೊಂದು ಸಿಕ್ಕಿತು. ಡಿಕ್ಷನರಿ ಪಕ್ಕದಲ್ಲಿಟ್ಟುಕೊಂಡು ಓದಿದೆ.

ಶೆಡ್ಡಿನ ಬಡಗಿಯನ್ನು ನಾವು ಆಚಾರ್ರು ಅಂತ ಕರೆಯುತ್ತಿದ್ದೆವು. ನನ್ನ ಆಸೆ ಹೇಳಿದಾಗ ಅವರು ನಗಲಿಲ್ಲ. "ಸಂಜೆ ಆರರ ಮೇಲೆ ಬೆಂಚು ನಿಂದು. ಉಳಿಗೆ ಮೊಂಡು ಬಂದ್ರೆ ನೀನೇ ಸಾಣೆ ಹಿಡೀಬೇಕು" ಅಂದರು. ಈ ಮಾತಿನ ಬೆಲೆ ನನಗೆ ಗೊತ್ತು. ತಾತನ ಪ್ರಾಯದಲ್ಲಿ ಊರ ಬಡಗಿಯ ಹತ್ತಿರ ನೇಗಿಲು ರಿಪೇರಿಗೆ ತಂದರೆ ದೂರದಲ್ಲಿ ಇಟ್ಟು ಹಿಂದೆ ಸರಿಯಬೇಕಿತ್ತು. ಆ ಬಡಗಿಯ ಮೊಮ್ಮಗನ ವಯಸ್ಸಿನ ಆಚಾರ್ರು ತಮ್ಮ ಉಳಿಯನ್ನು ನನ್ನ ಕೈಗೆ ಇಟ್ಟರು. ಇದು ತಾನಾಗಿ ಆಗಿದ್ದಲ್ಲ. ಎಷ್ಟೋ ಜನ ಬೀದಿಗೆ ಇಳಿದಿದ್ದಕ್ಕೆ, ಎಷ್ಟೋ ಜನ ಏಟು ತಿಂದಿದ್ದಕ್ಕೆ ಆಗಿದ್ದು.

ಗಿಟಾರಿನ ಹಿಂಬದಿಗೂ ಪಕ್ಕಕ್ಕೂ ದುಬಾರಿ ವಾದ್ಯಗಳಲ್ಲಿ ಬೀಟೆ ಮರ ಹಾಕುತ್ತಾರೆ. ಬ್ರೆಜಿಲ್ ದೇಶದ ಬೀಟೆ ಸಿಗುವುದು ಕಷ್ಟವಾದಾಗ, 1969ರಲ್ಲಿ ಅಮೆರಿಕದ ಹೆಸರುವಾಸಿ ಮಾರ್ಟಿನ್ ಕಂಪನಿ ಭಾರತದ ಬೀಟೆಗೆ ಬದಲಾಯಿಸಿತು. ಆ ಮರ ಬೆಳೆಯುವುದು ನಮ್ಮ ಘಟ್ಟದ ಕಾಡುಗಳಲ್ಲೂ. 2017ರಿಂದ ಬೀಟೆ ಜಾತಿಯ ಎಲ್ಲ ಮರಗಳ ವ್ಯಾಪಾರಕ್ಕೆ ಅಂತರರಾಷ್ಟ್ರೀಯ ಪರವಾನಗಿಯ ಕಟ್ಟು ಬಿತ್ತು. 2019ರಲ್ಲಿ ಸಿದ್ಧ ವಾದ್ಯಗಳಿಗೆ ಅದನ್ನು ಸಡಿಲ ಮಾಡಿದರು. ಅಂದರೆ ನಮ್ಮ ಕಾಡಿನ ಮರ ಲೋಕದ ಗಿಟಾರುಗಳಲ್ಲಿ ಹಾಡುತ್ತಿದೆ. ಅದೇ ಮರ ನಮ್ಮ ಕೇರಿಯ ಯಾವ ಮನೆಯಲ್ಲೂ ಒಂದು ಮಣೆಯಾಗಿ ಕೂಡ ಇರಲಿಲ್ಲ. ನನಗೆ ದಕ್ಕಿದ್ದು ಆಚಾರ್ರು ಹಳೇ ಮಂಚವೊಂದನ್ನು ಬಿಚ್ಚಿದಾಗ ಉಳಿದ ಎರಡು ಬೀಟೆ ಪಟ್ಟಿ. ಅವನ್ನು ಬೆರಳು ಓಡುವ ಪಟ್ಟಿಗೆ ಅಂತ ತೆಗೆದಿಟ್ಟೆ. ಹಿಂಬದಿಗೆ, ಪಕ್ಕಕ್ಕೆ, ದಂಡಿಗೆ ಹಲಸು. ವೀಣೆಗೆ, ಮೃದಂಗಕ್ಕೆ ಹಲಸು ಆಗುವುದಾದರೆ ಗಿಟಾರಿಗೆ ಯಾಕಾಗಬಾರದು? ಮುಖದ ಹಲಗೆಗೆ ಫಾರಿನ್ ಮಷೀನು ತುಂಬಿಕೊಂಡು ಬಂದಿದ್ದ ಪೆಟ್ಟಿಗೆಯ ಪೈನ್ ಮರ. ನೂರಾರು ಹಲಗೆ ಕೆದಕಿ, ಎಳೆ ನೇರವಾಗಿರುವ ಎರಡನ್ನು ಆರಿಸಿಕೊಂಡೆ.

ಪೆಟ್ಟಿಗೆ ಮರದಿಂದ ನಾದ ಬರುತ್ತಾ ಅಂತ ಶೆಡ್ಡಿನ ಹುಡುಗರು ಗೇಲಿ ಮಾಡಿದರು. ಆಗ ನನಗೆ ಧೈರ್ಯ ಕೊಟ್ಟವನು ಸತ್ತು ನೂರಮೂವತ್ತು ವರ್ಷವಾದ ಒಬ್ಬ ಬಡಗಿ.

*

ಆಂಟೋನಿಯೋ ದೆ ತೋರೆಸ್ ಅವನ ಹೆಸರು. ಸ್ಪೇನ್ ದೇಶದ ಅಲ್ಮೇರಿಯಾ ಊರಿನ ಹತ್ತಿರ 1817ರಲ್ಲಿ ಹುಟ್ಟಿದ. ಅಪ್ಪ ತೆರಿಗೆ ವಸೂಲಿಯವನು. ಹುಡುಗ ಹನ್ನೆರಡನೇ ವಯಸ್ಸಿಗೆ ಮರಗೆಲಸ ಕಲಿಯಲು ಸೇರಿದ. ಇವತ್ತು ನೈಲಾನ್ ತಂತಿಯ ಗಿಟಾರು ಅಂತ ನಾವು ನೋಡುವುದರ ಗಾತ್ರ, ಆಕಾರ, ಒಳಗೆ ಬೀಸಣಿಗೆಯ ಹಾಗೆ ಹರಡುವ ಸಣ್ಣ ಪಟ್ಟಿಗಳು, ಎಲ್ಲವೂ ಒಂದು ಹದಕ್ಕೆ ಬಂದು ನಿಂತದ್ದು ಅವನ ಕೈಯಲ್ಲಿ. ಅವನು 1862ರಲ್ಲಿ ಒಂದು ಪರೀಕ್ಷೆ ಮಾಡಿದ. ಮುಖದ ಹಲಗೆಯನ್ನು ಮಾತ್ರ ಒಳ್ಳೇ ಮರದಲ್ಲಿ ಮಾಡಿ, ಹಿಂಬದಿಯನ್ನೂ ಪಕ್ಕವನ್ನೂ ರಟ್ಟಿನಲ್ಲಿ ಮಾಡಿಬಿಟ್ಟ. ನಾದ ಹುಟ್ಟುವುದು ಮುಖದ ಹಲಗೆಯಲ್ಲಿ, ಮಿಕ್ಕಿದ್ದು ಸಿಂಗಾರ ಅಂತ ತೋರಿಸುವುದಕ್ಕೆ. ಆ ರಟ್ಟಿನ ಗಿಟಾರು ಈಗಲೂ ಬಾರ್ಸಿಲೋನಾದ ಸಂಗೀತ ವಸ್ತುಸಂಗ್ರಹಾಲಯದಲ್ಲಿದೆ. ಇಷ್ಟೆಲ್ಲ ಮಾಡಿದವನು ಮಧ್ಯೆ ಕೆಲವು ವರ್ಷ ಗಿಟಾರು ಬಿಟ್ಟು ಪಿಂಗಾಣಿ ಸಾಮಾನಿನ ಅಂಗಡಿ ಇಟ್ಟಿದ್ದ. 1892ರಲ್ಲಿ ತೀರಿಕೊಂಡ.

ತೋರೆಸನನ್ನು ಬಲ್ಲ ಒಬ್ಬ ಪಾದ್ರಿ ಮುಂದೆ ಅವನ ಬಗ್ಗೆ ಬರೆದ ವಿಷಯವೊಂದಿದೆ. ನಿನ್ನ ಗುಟ್ಟು ಏನು ಅಂತ ಜನ ಕೇಳುತ್ತಿದ್ದರಂತೆ. ಗುಟ್ಟು ಇರುವುದು ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಹಲಗೆಯ ದಪ್ಪ ಹಿಡಿದು ನೋಡುವುದರಲ್ಲಿ, ಅದನ್ನು ಇನ್ನೊಬ್ಬರಿಗೆ ಬಿಟ್ಟುಹೋಗಲು ಬರುವುದಿಲ್ಲ ಅನ್ನುವ ಅರ್ಥದಲ್ಲಿ ಅವನು ಉತ್ತರ ಕೊಟ್ಟನಂತೆ.

ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಮ್ಮ ಭಾಷೆಯಲ್ಲಿ ಹೆಬ್ಬೆಟ್ಟು ಅಂದರೇನು? ಓದು ಬಾರದವನು. "ಅವನೊಬ್ಬ ಹೆಬ್ಬೆಟ್ಟು" ಅಂದರೆ ಮುಗಿಯಿತು, ಅವನಿಗೆ ಏನೂ ಗೊತ್ತಿಲ್ಲ ಅಂತ. ಸಾಹುಕಾರನ ಸಾಲಪತ್ರಕ್ಕೆ, ಜಮೀನು ಹೋಗುವ ಕಾಗದಕ್ಕೆ ಮಸಿ ಹಚ್ಚಿ ಒತ್ತಿದ ಹೆಬ್ಬೆಟ್ಟು. ಅದಕ್ಕೂ ಹಿಂದಕ್ಕೆ ಹೋದರೆ ಏಕಲವ್ಯನ ಹೆಬ್ಬೆಟ್ಟು. ಗುರು ಕೇಳಿದ್ದು ಅವನ ತಲೆಯನ್ನಲ್ಲ, ನಾಲಗೆಯನ್ನಲ್ಲ, ಹೆಬ್ಬೆರಳನ್ನು. ವಿದ್ಯೆ ಎಲ್ಲಿ ಕೂತಿದೆ ಅಂತ ದ್ರೋಣನಿಗೆ ಸರಿಯಾಗಿ ಗೊತ್ತಿತ್ತು! ಗೊತ್ತಿದ್ದೂ ಈ ದೇಶ ವಿದ್ಯೆ ಅಂದರೆ ಬಾಯಲ್ಲಿ ಹೇಳುವುದು ಮಾತ್ರ, ಕೈಯಲ್ಲಿರುವುದು ಬರೀ ಕೆಲಸ ಅಂತ ಸಾವಿರಾರು ವರ್ಷ ನಂಬಿಸಿಕೊಂಡು ಬಂತು.

*

ಪೈನ್ ಹಲಗೆಗಳನ್ನು ಅಂಚಿಗೆ ಅಂಚು ಕೂಡಿಸಿ ಅಂಟಿಸಿ, ಹತ್ತರಿ ಹಿಡಿದು ಮೂರು ವಾರ ಸವೆಸಿದೆ. ಮುಖದ ಹಲಗೆ ಮೂರು ಮಿಲಿಮೀಟರಿನ ಒಳಗೆ ಬರಬೇಕು. ದಪ್ಪ ಉಳಿದರೆ ಮೂಕ, ಬಹಳ ತೆಳುವಾದರೆ ತಂತಿಯ ಎಳೆತಕ್ಕೆ ಕುಸಿಯುತ್ತದೆ. ಆರು ನೈಲಾನ್ ತಂತಿಗಳೂ ಸೇರಿ ಸುಮಾರು 40 ಕೆ.ಜಿ. ಭಾರದಷ್ಟು ಎಳೆಯುತ್ತವೆ. ನನಗೆ ಎಲ್ಲ ಸಮ ಅನ್ನಿಸಿದ ದಿನ ಹಲಗೆಯನ್ನು ಪಂಚೆಯಲ್ಲಿ ಸುತ್ತಿ ಊರಿಗೆ ತಗೊಂಡು ಹೋದೆ. ತಾತನಿಗೆ ತೋರಿಸೋಣ ಅಂತ.

ತಾತ ಜಗಲಿ ಮೇಲೆ ಕೂತಿದ್ದ. ಕಣ್ಣು ಮಂಜು. ಹಲಗೆಯನ್ನು ತೊಡೆ ಮೇಲೆ ಇಟ್ಟುಕೊಂಡು, ಅಂಚನ್ನು ಎರಡು ಬೆರಳಲ್ಲಿ ಹಿಡಿದು, ಇನ್ನೊಂದು ಕೈಯ ಹೆಬ್ಬೆರಳ ಗಿಣ್ಣಿನಿಂದ ಟೊಕ್ ಟೊಕ್ ಅಂತ ಬಡಿಯುತ್ತಾ ಬಂದ. ಒಂದು ಕಡೆ ನಿಲ್ಲಿಸಿದ.

"ಇಲ್ಲಿ ದಪ್ಪ ಅದೆ ಕಣ್ ಮಗ."

"ಇಲ್ಲ ತಾತ, ನೋಡ್ಕೊಂಡೇ ಮಾಡಿದೀನಿ."

"ದಪ್ಪ ಅದೆ ಅಂದ್ನಲ್ಲ. ಇಲ್ಲಿ ಉಸಿರು ಕಟ್ಕಂಡು ಕೂಗ್ತದೆ."

ಶೆಡ್ಡಿಗೆ ವಾಪಸ್ಸು ಬಂದು ಅಳೆದು ನೋಡಿದೆ. ಮಿಕ್ಕ ಕಡೆ 2.7 ಮಿಲಿಮೀಟರ್. ಆ ಜಾಗದಲ್ಲಿ 3.4. ಅರ್ಧ ಮಿಲಿಮೀಟರಿಗಿಂತ ಸ್ವಲ್ಪ ಹೆಚ್ಚು! ಗಿಟಾರು ಅನ್ನುವ ವಸ್ತುವನ್ನು ಅವನು ಹತ್ತಿರದಿಂದ ನೋಡಿದವನಲ್ಲ. ಬರೀ ಚರ್ಮ ನೋಡಿದವನು. ಸತ್ತ ಕರುವಿನ ಚರ್ಮಕ್ಕೆ ಸುಣ್ಣ ಬೂದಿ ಸವರಿ, ಕೂದಲು ಹೆರೆದು, ನೆನೆಸಿ, ಹುಣಸೆ ಬೀಜ ಅರೆದು ಕಾಸಿದ ಅಂಟು ಹಚ್ಚಿ ಬಳೆಗೆ ಬಿಗಿದು, ಒಣಗಿದ ಮೇಲೆ ಹುಲ್ಲಿನ ಉರಿಗೆ ಹಿಡಿದು ಶ್ರುತಿ ಮಾಡಿದವನು. ಎಲ್ಲಿ ತೆಳು, ಎಲ್ಲಿ ದಪ್ಪ, ಎಲ್ಲಿ ಹಸಿ ಅಂತ ಬೆರಳಲ್ಲೇ ಓದಿದವನು. ತೋರೆಸನ ಬೆರಳಿಗೆ ವಸ್ತುಸಂಗ್ರಹಾಲಯ ಸಿಕ್ಕಿತು. ಅದೇ ವಿದ್ಯೆಯ ನಮ್ಮ ತಾತ ರೇಷನ್ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತಿ, ಗೆರೆ ಸವೆದು ಮಷೀನಿಗೆ ಕಾಣಿಸದೆ, ಅಕ್ಕಿ ಸಿಗದೆ ವಾಪಸ್ಸು ಬಂದಿದ್ದ.

ಆವತ್ತು ನಾನು ಕೇಳಿದೆ. "ತಾತ, ತಮಟೆ ಕಟ್ಟೋದು ನಂಗೂ ಕಲಿಸು."

"ಬ್ಯಾಡ."

"ಯಾಕೆ?"

"ನಂಜೊತೇಲೇ ಹೋಗ್ಲಿ ಬುಡು."

*

ಹಲಸಿನ ಪಕ್ಕದ ಹಲಗೆ ಎರಡು ಮಿಲಿಮೀಟರ್ ದಪ್ಪದ ಪಟ್ಟಿ. ಅದನ್ನು ನೀರಲ್ಲಿ ನೆನೆಸಿ, ಕಾದ ಕಬ್ಬಿಣದ ಕೊಳವೆಗೆ ಒತ್ತಿ, ನಿಧಾನಕ್ಕೆ ಸೊಂಟದ ಆಕಾರಕ್ಕೆ ಬಗ್ಗಿಸಬೇಕು. ಅವಸರ ಮಾಡಿದೆ. ಟಪ್ ಅಂತ ಮುರಿಯಿತು. ಎರಡನೆಯದು ಬಗ್ಗಿತು, ಆದರೆ ಸುಟ್ಟು ಕಪ್ಪಾಯಿತು. ಮೂರನೆಯದು ಬಂತು. ಹಾಳಾದ ಎರಡನ್ನು ಆಚಾರ್ರು ಒಲೆಗೆ ಹಾಕಿ ಟೀ ಕಾಯಿಸಿದರು. "ಕೆಡಿಸದೆ ಯಾವನ್ಗೂ ಬಂದಿಲ್ಲ. ಕುಡಿ" ಅಂದರು.

ಟೀ ಕುಡಿಯುವಾಗ ತಾತ ಯಾವತ್ತೋ ಹೇಳಿದ್ದ ಕಥೆ ನೆನಪಾಯಿತು. ಅವನಿಗೆ ಹದಿನೇಳೋ ಹದಿನೆಂಟೋ. ತಾನೇ ಮೊದಲ ಸಲ ಕಟ್ಟಿದ ತಮಟೆ ಹಿಡಿದು ಮಾರಿಹಬ್ಬದ ಮೆರವಣಿಗೆಗೆ ಹೋಗಿದ್ದ. ನಡುಬೀದಿಯಲ್ಲಿ ಚರ್ಮ ಹರಿಯಿತು. ಅಪಶಕುನ ಅಂದರು. ಮೆರವಣಿಗೆ ನಿಂತಿತು. ರಾತ್ರಿಯಿಡೀ ಅವನನ್ನು ಕಂಬಕ್ಕೆ ಕಟ್ಟಿದರು. ಬೆಳಿಗ್ಗೆ ಮುತ್ತಜ್ಜಿ ಎರಡು ಕೋಳಿ, ದಂಡದ ದುಡ್ಡು ಕೊಟ್ಟು ಬಿಡಿಸಿಕೊಂಡು ಬಂದಳು. ಆಮೇಲೆ ಅವನು ಕಟ್ಟಿದ ಯಾವ ತಮಟೆಯೂ ಹರಿಯಲಿಲ್ಲವಂತೆ. ಇದನ್ನು ಹೇಳುವಾಗ ನಮ್ಮಪ್ಪನ ಮುಖದಲ್ಲಿ ಹೆಮ್ಮೆ ಇತ್ತು. ತಾತನ ಮುಖದಲ್ಲಿ ಇರಲಿಲ್ಲ.

ನಾನು ಮೂರು ಹಲಗೆ ಕೆಡಿಸಿ ಒಂದು ಗಿಟಾರು ಮಾಡಿದೆ, ಜನ "ಎಂಥಾ ಕೈ" ಅಂದರು. ತಾತ ಒಂದು ತಮಟೆ ಕೆಡಿಸಿ ಕಂಬಕ್ಕೆ ಬಿದ್ದ. ಹೊಸಬನಿಗೆ ಕೆಡಿಸುವ ಹಕ್ಕು ಇರುತ್ತದೆ ಅನ್ನುತ್ತಾರೆ. ಎಲ್ಲ ಹೊಸಬರಿಗೂ ಇರುವುದಿಲ್ಲ. ಅದು ಬಹಳ ದೊಡ್ಡ ಆಸ್ತಿ. ನಮ್ಮವರಿಗೆ ಭೂಮಿ ಇರಲಿಲ್ಲ ಅಂತ ನಾವು ಬರೆದಿದ್ದೇವೆ, ಅಕ್ಷರ ಇರಲಿಲ್ಲ ಅಂತ ಬರೆದಿದ್ದೇವೆ. ತಪ್ಪು ಮಾಡುವ ಹಕ್ಕು ಇರಲಿಲ್ಲ ಅನ್ನುವುದನ್ನೂ ಆ ಲೆಕ್ಕಕ್ಕೆ ಸೇರಿಸಬೇಕು. ಇವತ್ತು ಮೀಸಲಾತಿಯಲ್ಲಿ ಕಾಲೇಜಿಗೆ ಬಂದ ನಮ್ಮ ಹುಡುಗಿ ಒಂದು ಪೇಪರಿನಲ್ಲಿ ಫೇಲಾದರೆ ಅವಳೊಬ್ಬಳು ಫೇಲಾಗುವುದಿಲ್ಲ, ಅವಳ ಜಾತಿಯೇ ಫೇಲಾಯಿತು ಅನ್ನುತ್ತಾರೆ. ಬೇರೆಯವರ ಮಗ ಫೇಲಾದರೆ ಅವನೊಬ್ಬನೇ ಫೇಲು. ಕಂಬ ಈಗಲೂ ಇದೆ, ಹಗ್ಗ ಕಾಣುವುದಿಲ್ಲ.

*

ಅಂಟಿನ ವಿಷಯ ಹೇಳಬೇಕು. ಈಗ ಡಬ್ಬಿಯಲ್ಲಿ ಬಿಳೀ ಅಂಟು ಸಿಗುತ್ತದೆ. ಆದರೆ ಹಳೇ ಕಾಲದ ಗಿಟಾರು, ಪಿಟೀಲುಗಳೆಲ್ಲ ನಿಂತಿರುವುದು ಸರೇಸಿನ ಮೇಲೆ. ಸರೇಸು ಅಂದರೆ ದನದ ಚರ್ಮ, ಮೂಳೆ, ನರ ಕುದಿಸಿ ಇಳಿಸಿದ ಅಂಟು. ಒಣಗಿದ ಚೂರನ್ನು ನೀರಲ್ಲಿ ನೆನೆಹಾಕಿ, ಪಾತ್ರೆಯೊಳಗೆ ಪಾತ್ರೆ ಇಟ್ಟು ಸುಮಾರು 60 ಡಿಗ್ರಿ ಬಿಸಿಯಲ್ಲಿ ಕರಗಿಸಬೇಕು. ಕುದಿಸಿದರೆ ಬಲ ಹೋಗುತ್ತದೆ. ವಾದ್ಯ ಮಾಡುವವರು ಇದನ್ನು ಇಷ್ಟಪಡುವುದಕ್ಕೆ ಒಂದು ಕಾರಣವಿದೆ. ತಪ್ಪಾಗಿ ಅಂಟಿಸಿದರೆ, ಅಥವಾ ನೂರು ವರ್ಷ ಬಿಟ್ಟು ರಿಪೇರಿ ಮಾಡಬೇಕಾದರೆ, ಬಿಸಿ ಮತ್ತು ತೇವ ಕೊಟ್ಟು ಸಂದನ್ನು ಮತ್ತೆ ಬಿಡಿಸಬಹುದು. ಗಟ್ಟಿ ಹಿಡಿಯುತ್ತದೆ, ಬೇಕಾದಾಗ ಬಿಡುತ್ತದೆ.

ಸರೇಸು ಕಾಯುವಾಗ ಶೆಡ್ಡಿನಲ್ಲೆಲ್ಲ ಒಂದು ವಾಸನೆ ಹಬ್ಬಿತು. ನನಗೆ ಅದು ಹೊಸದಲ್ಲ. ಅದು ನಮ್ಮ ಕೇರಿಯ ವಾಸನೆ, ಊರಿನವರು ಮೂಗು ಮುಚ್ಚಿಕೊಂಡು ದಾಟುತ್ತಿದ್ದ ವಾಸನೆ. ಅರಮನೆಯ ಕಛೇರಿಗಳಲ್ಲಿ ಪಿಟೀಲು ನುಡಿಯುವಾಗ ಅದರ ಹೊಟ್ಟೆಯೊಳಗೆ ಈ ವಾಸನೆ ಇತ್ತು. ಗಿಟಾರಿನ ತಂತಿಗಳೂ ಎರಡನೇ ಮಹಾಯುದ್ಧದ ನಂತರ ನೈಲಾನ್ ಬರುವ ತನಕ ಕುರಿಯ ಕರುಳಿನವು. ಮೃದಂಗದ ಕಥೆ ಇನ್ನೂ ಹತ್ತಿರದ್ದು. ಅದಕ್ಕೆ ಹಸು, ಆಡು, ಎಮ್ಮೆ ಮೂರರ ಚರ್ಮವೂ ಬೇಕು. ಬಡಿಯುವವರ ಹೆಸರು ಪೋಸ್ಟರಿನಲ್ಲಿ, ಕಟ್ಟುವವರ ಹೆಸರು ಎಲ್ಲೂ ಇಲ್ಲ. ಗಾಯಕ ಟಿ.ಎಂ. ಕೃಷ್ಣ ಅವರು ಮೃದಂಗ ಕಟ್ಟುವ ಕುಟುಂಬಗಳ ಬಗ್ಗೆ 'ಸೆಬಾಸ್ಟಿಯನ್ ಅಂಡ್ ಸನ್ಸ್' ಅನ್ನುವ ಪುಸ್ತಕ ಬರೆದಾಗ, 2020ರಲ್ಲಿ, ಅದರ ಬಿಡುಗಡೆಗೆ ಕೊಟ್ಟಿದ್ದ ಜಾಗವನ್ನು ಚೆನ್ನೈನ ಕಲಾಕ್ಷೇತ್ರ ವಾಪಸ್ಸು ತಗೊಂಡಿತು. ನಾದ ಬೇಕು, ನಾದದ ತಾಯಿ ಬೇಡ!

ಒಬ್ಬ ಗೆಳೆಯ ನನ್ನನ್ನು ಕೇಳಿದ. "ಗಿಟಾರು ನಮ್ಮದಲ್ಲ ಕಣೋ. ಪೇಟೆಯವರ ಷೋಕಿ. ನಿನಗೆ ತಮಟೆ ಇರಲಿಲ್ವಾ?" ಅವನ ಪ್ರಶ್ನೆಯಲ್ಲಿ ಪ್ರೀತಿ ಇತ್ತು. ಆದರೆ ಅದರೊಳಗೆ ಒಂದು ಹಳೇ ಗೋಡೆಯೂ ಇತ್ತು. ನಿನ್ನದು ಇದು, ಇಲ್ಲೇ ಇರು ಅನ್ನುವ ಮಾತನ್ನು ಊರಿನವರು ಹೇಳಿದರೂ ಒಂದೇ, ಚಳವಳಿಯವರು ಹೇಳಿದರೂ ಒಂದೇ. ಹಲಸು ನಮ್ಮದು, ಬೀಟೆ ನಮ್ಮ ಕಾಡಿನದು, ಅಂಟು ನಮ್ಮ ಕೇರಿಯದು. ಇದು ಯಾರ ವಾದ್ಯ ಅಂತ ಹೇಗೆ ತೀರ್ಮಾನಿಸುವುದು?

*

ಬೆರಳು ಓಡುವ ಪಟ್ಟಿಯ ಮೇಲೆ ಫ್ರೆಟ್ಟು ಕೂರಿಸುವುದು ಲೆಕ್ಕದ ಕೆಲಸ. ವೀಣೆಯಲ್ಲಿ ಇದನ್ನೇ ಮೆಟ್ಟಿಲು ಅನ್ನುತ್ತಾರೆ. ತಂತಿಯ ಉದ್ದ 650 ಮಿಲಿಮೀಟರ್ ಇಟ್ಟುಕೊಂಡೆ. ಉಳಿದ ಉದ್ದವನ್ನು ಪ್ರತಿ ಸಲವೂ 17.817ರಿಂದ ಭಾಗಿಸುತ್ತಾ ಹೋದರೆ ಒಂದೊಂದು ಮೆಟ್ಟಿಲಿನ ಜಾಗ ಸಿಗುತ್ತದೆ. ಮೊದಲನೆಯದು 36.48 ಮಿಲಿಮೀಟರಿಗೆ, ಹನ್ನೆರಡನೆಯದು ಸರಿಯಾಗಿ ಅರ್ಧಕ್ಕೆ, 325ಕ್ಕೆ. ವಿಜ್ಞಾನಿ ಗೆಲಿಲಿಯೋನ ತಂದೆ ವಿನ್ಸೆಂಜೋ ಗೆಲಿಲೀ 1581ರಲ್ಲೇ 18ರಿಂದ ಭಾಗಿಸುವ ಸುಲಭ ಲೆಕ್ಕ ಹೇಳಿದ್ದ.

ನಾನು ಮೊದಲ ಬೀಟೆ ಪಟ್ಟಿಯಲ್ಲಿ ಒಂದು ಮೆಟ್ಟಿಲಿನಿಂದ ಮುಂದಿನದಕ್ಕೆ ಅಳೆಯುತ್ತಾ ಹೋದೆ. ಪ್ರತಿ ಸಲ ಕೂದಲೆಳೆಯಷ್ಟು ತಪ್ಪು. ಹನ್ನೆರಡಕ್ಕೆ ಬರುವಾಗ 325 ಇರಬೇಕಾದ್ದು 327 ಆಗಿತ್ತು. ಪಟ್ಟಿ ದಂಡವಾಯಿತು. ಎರಡನೇ ಪಟ್ಟಿಯಲ್ಲಿ ಎಲ್ಲವನ್ನೂ ಮೊದಲ ತುದಿಯಿಂದಲೇ ಅಳೆದೆ. ಒಂದರ ತಪ್ಪು ಇನ್ನೊಂದಕ್ಕೆ ದಾಟಲಿಲ್ಲ. ಹಿಂದಿನದರಿಂದ ಅಳೆದರೆ ಹಿಂದಿನ ತಪ್ಪು ಪಿತ್ರಾರ್ಜಿತವಾಗುತ್ತದೆ.

ಜಾತಿ ಮನುಷ್ಯನನ್ನು ಅಳೆಯುವುದೂ ಹೀಗೆಯೇ. ಅಪ್ಪನಿಂದ ಮಗನಿಗೆ, ಮಗನಿಂದ ಮೊಮ್ಮಗನಿಗೆ. 1953ರಲ್ಲಿ ಆಗಿನ ಮದರಾಸು ರಾಜ್ಯದಲ್ಲಿ ರಾಜಾಜಿಯವರ ಸರ್ಕಾರ ಹಳ್ಳಿಯ ಪ್ರಾಥಮಿಕ ಶಾಲೆಗಳಲ್ಲಿ ಒಂದು ಏರ್ಪಾಡು ತಂದಿತು. ಮಕ್ಕಳು ದಿನದ ಒಂದು ಭಾಗ ಮಾತ್ರ ಶಾಲೆಗೆ ಬರಬೇಕು, ಮಿಕ್ಕ ಹೊತ್ತು ಅಪ್ಪನ ಕಸುಬು ಕಲಿಯಬೇಕು. ಕೈಗೆಲಸಕ್ಕೆ ಗೌರವ ಅನ್ನುವ ಮಾತು ಅಲ್ಲೂ ಇತ್ತು. ಕುಲಕಸುಬಿನ ಶಿಕ್ಷಣ ಅಂತ ಜನ ದಂಗೆ ಎದ್ದರು. 1954ರಲ್ಲಿ ಕಾಮರಾಜರು ಬಂದ ಮೇಲೆ ಅದು ಹೋಯಿತು. ಹಳ್ಳಿ ಶಾಲೆಯ ಮೇಷ್ಟರುಗಳು ಇದನ್ನು ಮರೆಯಬಾರದು. ಕುಂಬಾರನ ಮಗನಿಗೆ ಮಡಕೆ ಕಲಿಸುವುದು ಗೌರವವಲ್ಲ. ಕುಂಬಾರನ ಮಗ, ಗೌಡರ ಮಗಳು, ನಮ್ಮ ಕೇರಿಯ ಹುಡುಗ, ಅರ್ಚಕರ ಮೊಮ್ಮಗ ಒಂದೇ ಮಣ್ಣಿಗೆ ಕೈ ಹಾಕಿ ಒಟ್ಟಿಗೆ ಕೆಡಿಸಿದರೆ, ಆಗ ಮಣ್ಣಿಗೆ ಗೌರವ.

*

ಕೈಗೆಲಸದ ಘನತೆ ಕೆಲಸದೊಳಗೇ ಇದೆ ಅನ್ನುವವರು ಕಾಯಕದ ತತ್ವವನ್ನು ಮುಂದಿಡುತ್ತಾರೆ. ಹನ್ನೆರಡನೇ ಶತಮಾನದ ಕಲ್ಯಾಣದಲ್ಲಿ ಡೋಹರ ಕಕ್ಕಯ್ಯ, ಸಮಗಾರ ಹರಳಯ್ಯ ಇಬ್ಬರೂ ಅನುಭಾವಿಗಳು, ನಿಜ. ಆದರೆ ಹರಳಯ್ಯನ ಮಗನಿಗೂ ಬ್ರಾಹ್ಮಣ ಮೂಲದ ಮಧುವರಸನ ಮಗಳಿಗೂ ಮದುವೆಯಾಯಿತು ಅಂತ ಆ ಇಬ್ಬರು ತಂದೆಯರಿಗೆ ಕೊಟ್ಟ ಶಿಕ್ಷೆಯ ಕಥೆಯೂ ಅಲ್ಲೇ ಇದೆ. ಚಪ್ಪಲಿ ಹೊಲಿಯುವುದು ಪವಿತ್ರ ಅನ್ನುವ ತನಕ ಊರು ಸಹಿಸಿತು. ಹೊಲಿಯುವವನು ತನ್ನ ಜಾಗ ಬಿಟ್ಟು ಎದ್ದಾಗ ಸಹಿಸಲಿಲ್ಲ.

1936ರಲ್ಲಿ ಬಾಬಾಸಾಹೇಬ್ ಅಂಬೇಡ್ಕರ್ ಲಾಹೋರಿನ ಸಭೆಗೆಂದು ಬರೆದ ಭಾಷಣವನ್ನು, ಸಭೆಯವರು ಹಿಂಜರಿದ ಮೇಲೆ, ತಾವೇ ಅಚ್ಚು ಹಾಕಿಸಿದರು. ಅದೇ 'ಜಾತಿ ವಿನಾಶ'. ಜಾತಿ ಹಂಚಿಕೊಟ್ಟ ಕೆಲಸದಲ್ಲಿ ಮನುಷ್ಯನ ಇಷ್ಟಕ್ಕೆ ಜಾಗವಿಲ್ಲ, ಇಷ್ಟವಿಲ್ಲದ ಕೆಲಸದಲ್ಲಿ ಅವನ ಮನಸ್ಸೂ ಬುದ್ಧಿಯೂ ಇರುವುದಿಲ್ಲ ಅನ್ನುವುದು ಅದರಲ್ಲಿನ ಒಂದು ಮುಖ್ಯ ವಾದ. ನಾನು ಇದನ್ನು ಒಪ್ಪುತ್ತೇನೆ. ಆದರೆ ತಾತನ ವಿಷಯಕ್ಕೆ ಬಂದಾಗ ಒಂದು ಗಂಟು ಉಳಿಯುತ್ತಿತ್ತು. ಮನಸ್ಸಿಲ್ಲದ ಕೈಗೆ ಅರ್ಧ ಮಿಲಿಮೀಟರ್ ಹೇಗೆ ಗೊತ್ತಾಗುತ್ತದೆ? ಒಂದು ದಿನ ಕೇಳಿಯೇ ಬಿಟ್ಟೆ.

"ತಾತ, ನಿಂಗೆ ತಮಟೆ ಮ್ಯಾಲೆ ಪ್ರೀತಿ ಇತ್ತಾ?"

ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ ಹೇಳಿದ. "ಬಡಿಯೋವಾಗ ಇತ್ತು ಕಣ್ ಮಗ. ಕರೆಯೋವಾಗ ಇರ್ಲಿಲ್ಲ."

ನನ್ನ ಗಂಟು ಅಲ್ಲಿಗೆ ಬಿಚ್ಚಿತು. ಬಡಿಯುವಾಗ ಅವನೂ ಅವನ ನಾದವೂ ಇದ್ದವು. "ಏಯ್, ಬಾರ್ಲಾ" ಅಂತ ಕರೆಯುವಾಗ ಊರು ಇತ್ತು. ಕೆಲಸದೊಳಗಿನ ಸಂತೋಷವನ್ನು ಊರು ಕೊಡಲಿಲ್ಲ, ಕಿತ್ತುಕೊಳ್ಳಲೂ ಆಗಲಿಲ್ಲ. ಅದು ಮನುಷ್ಯನದು. ಆದರೆ ಸಂತೋಷ ಬೇರೆ, ಘನತೆ ಬೇರೆ. ಘನತೆಗೆ ಮೂರು ಹಕ್ಕು ಬೇಕು: ಕಲಿಯುವ ಹಕ್ಕು, ಕೆಡಿಸುವ ಹಕ್ಕು, ಬಿಡುವ ಹಕ್ಕು. ನನಗೆ ಮೂರೂ ಇದ್ದವು. ಗಿಟಾರು ಬರದಿದ್ದರೆ ಮೂಲೆಗೆ ಎಸೆದು ಬಿಲ್ಲು ಬರೆಯಲು ಹೋಗುತ್ತಿದ್ದೆ, ಯಾರೂ ಕೇಳುತ್ತಿರಲಿಲ್ಲ. ತಾತನಿಗೆ ಮೊದಲನೆಯದು ಹುಟ್ಟಿನ ಜೊತೆ ಬಂತು, ಅದು ಹಕ್ಕಾಗಿ ಅಲ್ಲ, ಬಲವಂತವಾಗಿ. ಮಿಕ್ಕ ಎರಡು ಬರಲೇ ಇಲ್ಲ. ನಮ್ಮ ಹುಡುಗರು ಊರೂರಲ್ಲಿ "ಇನ್ನು ಬಡಿಯಲ್ಲ" ಅಂತ ತಮಟೆ ಕೆಳಗಿಟ್ಟು ಬಹಿಷ್ಕಾರ ತಿಂದರಲ್ಲ, ಅವರು ಕೇಳಿದ್ದು ಈ ಮೂರನೇ ಹಕ್ಕನ್ನು. ಅದೇ ತಮಟೆಯನ್ನು ಹೋರಾಟದ ಮೆರವಣಿಗೆಯಲ್ಲಿ ತಾವಾಗಿ ಎತ್ತಿಕೊಂಡರಲ್ಲ, ಆಗ ಅದಕ್ಕೆ ಘನತೆ ಬಂತು. 2023ರಲ್ಲಿ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪ ಅವರ ತಮಟೆಗೆ ಪದ್ಮಶ್ರೀ ಬಂದಾಗ ನಮ್ಮ ಕೇರಿಯಲ್ಲೂ ಸಿಹಿ ಹಂಚಿದೆವು. ಆದರೆ ಒಂದು ಪದಕ ಒಂದು ಕೈಯನ್ನು ಎತ್ತುತ್ತದೆ. ಎಲ್ಲ ಕೈಗಳಿಗೂ ಬೇಕಾದ್ದು ಬಿಡುವ ಹಕ್ಕು. ಬಿಡಬಲ್ಲವನು ಹಿಡಿದರೆ ಮಾತ್ರ ಅದು ಹಿಡಿತ. ಇಲ್ಲದಿದ್ದರೆ ಸಂಕೋಲೆ.

ಹಾಗಾದರೆ ತಾತ ನನಗೆ ಕಲಿಸುವುದಿಲ್ಲ ಅಂದದ್ದು? ಮೊದಲು ನನಗೆ ಕೋಪ ಬಂದಿತ್ತು. ಇಂಥ ವಿದ್ಯೆ ಮಣ್ಣಾಗುತ್ತದಲ್ಲ ಅಂತ ಸಂಕಟವಾಗಿತ್ತು. ಈಗ ಅನ್ನಿಸುತ್ತದೆ, ತಾತ ತನ್ನ ಜೀವಮಾನದಲ್ಲಿ ಮೊದಲ ಸಲ ಬಿಡುವ ಹಕ್ಕನ್ನು ಚಲಾಯಿಸುತ್ತಿದ್ದಾನೆ. ಸಂಸ್ಕೃತಿ ಉಳಿಸಬೇಕು ಅಂತ ನಾನು ಅವನ ಹೆಬ್ಬೆಟ್ಟು ಕೇಳಿದರೆ, ನನಗೂ ಆ ಹಳೇ ಗುರುವಿಗೂ ಏನು ವ್ಯತ್ಯಾಸ? ವಿದ್ಯೆ ಹೋದರೆ ನಷ್ಟ, ಅದು ದೊಡ್ಡ ನಷ್ಟವೇ. ಆದರೆ ಆ ನಷ್ಟದ ಬಿಲ್ಲನ್ನು ತಾತನ ಹೆಸರಿಗೆ ಬರೆಯಬಾರದು.

*

ಗಿಟಾರು ಮಾಡುವವರು ಅದರ ಹೊಟ್ಟೆಯೊಳಗೆ, ಮುಖದ ದುಂಡು ಬಾಯಿಯಿಂದ ಕಾಣುವ ಹಾಗೆ, ಒಂದು ಚೀಟಿ ಅಂಟಿಸುತ್ತಾರೆ. ಮಾಡಿದವನ ಹೆಸರು, ಊರು, ವರ್ಷ. ತೋರೆಸನೂ ಅಂಟಿಸುತ್ತಿದ್ದ. ನಾನು ಕವಿಯಲ್ಲವೇ, ಒಂದು ಉಪಾಯ ಮಾಡಿದೆ. ಹೆಸರಿನ ಬದಲು ಆ ಚೀಟಿಯಲ್ಲಿ ತಾತನ ಹೆಬ್ಬೆಟ್ಟಿನ ಗುರುತು ಇರಲಿ! ಮಸಿಯ ಪ್ಯಾಡು, ಬಿಳೀ ಕಾಗದ ತಗೊಂಡು ಊರಿಗೆ ಹೋದೆ.

ಪ್ಯಾಡು ನೋಡಿದ ಕೂಡಲೇ ತಾತ ಕೈ ಹಿಂದಕ್ಕೆ ಎಳೆದುಕೊಂಡ. "ಯಾವ ಪತ್ರ ಅದು?"

"ಪತ್ರ ಅಲ್ಲ ತಾತ. ಗಿಟಾರಿನೊಳಗೆ ಅಂಟಿಸೋಕೆ. ನಿನ್ ಗುರುತು."

"ನೀನು ಓದಿದ್ದೀಯೋ ಇಲ್ವೋ?"

"ಓದಿದೀನಿ."

"ಮತ್ತೆ ನನ್ನೆಸ್ರು ಬರಿ. ಹೆಬ್ಬೆಟ್ಟು ಒತ್ತಿ ಒತ್ತಿ ಸಾಕಾಗದೆ."

ನಾನು ತಲೆ ತಗ್ಗಿಸಿದೆ. ಹೆಬ್ಬೆಟ್ಟಿನ ಮೇಲೆ ಇಷ್ಟೆಲ್ಲ ಯೋಚನೆ ಮಾಡಿದವನಿಗೆ ಇಷ್ಟು ಸಣ್ಣ ವಿಷಯ ಹೊಳೆದಿರಲಿಲ್ಲ. ಅವನಿಗೆ ಬೇಕಾದ್ದು ಅಕ್ಷರ. ಅವನ ಮುಂದೆಯೇ ಪೆನ್ನು ತೆಗೆದು ಅವನ ಹೆಸರು ಬರೆದೆ. ಕಾಗದವನ್ನು ಕಣ್ಣಿನ ಹತ್ತಿರಕ್ಕೆ ತಂದುಕೊಂಡು, "ಇದ್ಯಾವ ಅಕ್ಷರ? ಇದು?" ಅಂತ ಒಂದೊಂದನ್ನೇ ಕೇಳಿದ. ಹೇಳಿದೆ. ಕೆಳಗೆ ನನ್ನ ಹೆಸರು ಬರೆದೆ. ಅದನ್ನು ಸರೇಸಿನಲ್ಲಿ ಅಂಟಿಸಿದ್ದೇನೆ.

ಶಿಬಿರದಲ್ಲಿ ನನ್ನ ಕೈ ಹಿಡಿದು ನೋಡಿದ ಮೇಷ್ಟರಿಗೆ ಆವತ್ತು ಈ ಚೀಟಿ ತೋರಿಸಲು ಹೊಳೆಯಲಿಲ್ಲ. ಮುಂದಿನ ಶಿಬಿರಕ್ಕೆ ಅವರು ಬಂದರೆ ಗಿಟಾರನ್ನು ಬೆಳಕಿಗೆ ಹಿಡಿದು, ಬಾಯಿಯೊಳಗೆ ಇಣುಕಿ ನೋಡಿ ಸಾರ್ ಅನ್ನುತ್ತೇನೆ. ಮೊದಲ ಹೆಸರನ್ನು ಗಟ್ಟಿಯಾಗಿ ಓದಿ ಅನ್ನುತ್ತೇನೆ.